ಬಹುಮಾನ ಯೋಜನೆ ಕಾನೂನಿನ ಪ್ರಕಾರ ಲಾಟರಿಯೇ? ಪರೀಕ್ಷಿಸುವ ಬಗೆ

ಲಕ್ಕಿ ಡ್ರಾ ಎನ್ನಿ, ಸ್ಕ್ರ್ಯಾಚ್ ಕಾರ್ಡ್ ಎನ್ನಿ, ಗ್ರಾಹಕರಿಗೆ ಉಡುಗೊರೆ ಎನ್ನಿ, ಹೆಸರು ಬದಲಾದ ಮಾತ್ರಕ್ಕೆ ಯೋಜನೆಯ ಸ್ವರೂಪ ಬದಲಾಗುವುದಿಲ್ಲ. ಭಾರತದ 1998ರ ಲಾಟರಿಗಳ ನಿಯಂತ್ರಣ ಕಾಯ್ದೆ ಇದನ್ನು ವ್ಯಾಖ್ಯೆಯಲ್ಲೇ ಹೇಳಿದೆ: ಯಾವ ರೂಪದಲ್ಲೇ ಇರಲಿ, ಯಾವ ಹೆಸರಿನಿಂದಲೇ ಕರೆಯಲಿ, ಟಿಕೆಟ್ ಕೊಂಡು ಪಾಲ್ಗೊಂಡವರಿಗೆ ಚೀಟಿ ಎತ್ತಿಯೋ ಅದೃಷ್ಟದ ಮೇಲೋ ಬಹುಮಾನ ಹಂಚುವ ಯೋಜನೆ ಲಾಟರಿ. ಬ್ರಿಟನ್, ಅಮೆರಿಕ, ಕೆನಡಾಗಳ ಕಾನೂನುಗಳು ಬೇರೆ ಬೇರೆ ಮಾತಿನಲ್ಲಿ ಬರೆದಿದ್ದರೂ ಹುಡುಕುವುದು ಮೂರೇ ಅಂಶಗಳನ್ನು. ಬಹುಮಾನ, ಅದೃಷ್ಟ, ಪ್ರತಿಫಲ (ಅಂದರೆ ಗೆಲ್ಲುವ ಅವಕಾಶಕ್ಕಾಗಿ ಪಾಲ್ಗೊಳ್ಳುವವರು ಕೊಡುವುದು). ಮೂರೂ ಕೂಡಿದರೆ ಲಾಟರಿ. ಒಂದು ನಿಜವಾಗಿಯೂ ಇಲ್ಲದಿದ್ದರೆ ಅಲ್ಲ. ‘ನಿಜವಾಗಿಯೂ’ ಎಂಬ ಮಾತನ್ನು ಬೇಕೆಂದೇ ಹಾಕಿದ್ದೇವೆ, ಏಕೆಂದರೆ ತೊಂದರೆಗೆ ಸಿಕ್ಕುವ ಯೋಜನೆಗಳಲ್ಲಿ ಈ ಮೂರರಲ್ಲೊಂದು ಕಾಗದದ ಮೇಲೆ ಮಾತ್ರ ಇಲ್ಲವಾಗಿರುತ್ತದೆ.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಬಹುತೇಕ ದೇಶಗಳಲ್ಲಿ ಲಾಟರಿ ನಡೆಸುವ ಹಕ್ಕು ಸರ್ಕಾರಕ್ಕೆ ಅಥವಾ ಪರವಾನಗಿ ಪಡೆದವರಿಗೆ ಮೀಸಲು. ಭಾರತದಲ್ಲಿ ಸರ್ಕಾರದ್ದಲ್ಲದ, ಸರ್ಕಾರ ಒಪ್ಪಿಗೆ ಕೊಡದ ಲಾಟರಿಯ ಡ್ರಾ ನಡೆಸಲು ಕಚೇರಿ ಅಥವಾ ಜಾಗ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಜೆ, ದಂಡ ಅಥವಾ ಎರಡೂ ಆಗಬಹುದು. ಅಂಥ ಲಾಟರಿಯ ಪ್ರಸ್ತಾವವನ್ನು ಪ್ರಕಟಿಸಿದವರಿಗೂ 5,000 ರೂಪಾಯಿವರೆಗೆ ದಂಡವಿದೆ. ಜಾಹೀರಾತು ಹಾಕಿದವರೂ ತಪ್ಪಿಸಿಕೊಳ್ಳುವಂತಿಲ್ಲ.

ಮೊದಲು ಕಾಗದಗಳು

ನಿಯಮಾವಳಿಯೊಂದನ್ನೇ ಓದಿ ತೀರ್ಮಾನಕ್ಕೆ ಬರಬೇಡಿ. ಪೋಸ್ಟರ್, ಪ್ರವೇಶ ಅರ್ಜಿ ಅಥವಾ ಕೂಪನ್, ಯೋಜನೆ ಶುರುವಾಗುವ ಮುಂಚಿನ ಒಂದು ಬಿಲ್, ಶುರುವಾದ ಮೇಲಿನ ಒಂದು ಬಿಲ್, ಗೆದ್ದವರಿಗೆ ಕಳಿಸುವ ಪತ್ರದ ಕರಡು, ಈ ಐದನ್ನೂ ಒಟ್ಟಿಗೆ ಇಟ್ಟುಕೊಂಡು ಕೂರಿ. ನಿಯಮಾವಳಿಯಲ್ಲಿ ‘ಉಚಿತ’ ಎಂದಿದ್ದು ಗೆದ್ದವರ ಪತ್ರದಲ್ಲಿ ಶುಲ್ಕ ಕಾಣಿಸಿಕೊಳ್ಳುವುದು ತೀರಾ ಸಾಮಾನ್ಯ. ನ್ಯಾಯಾಲಯ ನೋಡುವುದು ಯೋಜನೆ ನಡೆದ ರೀತಿಯನ್ನು, ಅದರ ವಿವರಣೆಯನ್ನಲ್ಲ.

ಬಹುಮಾನವಿದೆಯೇ?

ಇಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಬಹುಮಾನ ಹಣವೇ ಆಗಬೇಕಿಲ್ಲ. ವಸ್ತು, ಪ್ರವಾಸ, ರಿಯಾಯಿತಿ, ಉಳಿದ ಕಂತಿನ ಮನ್ನಾ, ಬೆಲೆಯುಳ್ಳ ಯಾವುದಾದರೂ ಆಗುತ್ತದೆ. ‘ನಮ್ಮಲ್ಲಿ ಸೋತವರೇ ಇಲ್ಲ, ಎಲ್ಲರಿಗೂ ಏನಾದರೂ ಸಿಗುತ್ತದೆ’ ಎಂಬ ಸಮರ್ಥನೆ ನಿಲ್ಲುವುದಿಲ್ಲ. ಒಬ್ಬರಿಗೆ ಪೆನ್ನು, ಇನ್ನೊಬ್ಬರಿಗೆ ಬೈಕು ಸಿಕ್ಕಿ, ಯಾರಿಗೆ ಯಾವುದು ಎಂಬುದನ್ನು ಅದೃಷ್ಟ ತೀರ್ಮಾನಿಸಿದರೆ ಅಲ್ಲಿ ಬಹುಮಾನವಿದೆ.

ಪ್ರತಿಫಲ: ಎಡವುವುದು ಇಲ್ಲೇ

ಗೆಲ್ಲುವ ಅವಕಾಶಕ್ಕಾಗಿ ಪಾಲ್ಗೊಳ್ಳುವವರು ಕೊಡುವುದೇ ಪ್ರತಿಫಲ. ಟಿಕೆಟ್ಟಿಗೆ ಕೊಟ್ಟ ಹಣ ಎಲ್ಲರ ಕಣ್ಣಿಗೂ ಬೀಳುತ್ತದೆ. ಸರಕಿನ ಬೆಲೆಯೊಳಗೆ ಸೇರಿಕೊಂಡ ಹಣ ಬೀಳುವುದಿಲ್ಲ.

1883ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಟೇಲರ್ ಮತ್ತು ಸ್ಮೆಟನ್ ಪ್ರಕರಣ ಬಂತು. ಚಹಾ ಪುಡಿಯ ಪೊಟ್ಟಣದೊಳಗೆ ಬಹುಮಾನದ ಕೂಪನ್ ಇಟ್ಟು ಮಾರುತ್ತಿದ್ದರು. ಒಂದೊಂದು ಪೊಟ್ಟಣದಲ್ಲಿ ಒಂದೊಂದು ಬೆಲೆಯ ಬಹುಮಾನ. ಚಹಾ ಕೊಟ್ಟ ಹಣಕ್ಕೆ ತಕ್ಕದ್ದೇ ಆಗಿತ್ತು, ಮೋಸವಿರಲಿಲ್ಲ. ಆದರೂ ಕೊಳ್ಳುವವರು ಚಹಾ ಮತ್ತು ಅವಕಾಶ ಎರಡನ್ನೂ ಸೇರಿಸಿ ಕೊಳ್ಳುತ್ತಿದ್ದಾರೆ, ಆದ್ದರಿಂದ ಇದು ಲಾಟರಿ ಎಂಬ ತೀರ್ಪು ಬಂತು. ಸುಮಾರು ನೂರು ವರ್ಷದ ನಂತರ, 1980ರಲ್ಲಿ, ಇಂಪೀರಿಯಲ್ ಟೊಬ್ಯಾಕೊ ಪ್ರಕರಣದಲ್ಲಿ ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಅದೇ ದಾರಿ ಹಿಡಿಯಿತು. ಸಿಗರೇಟ್ ಪ್ಯಾಕಿನಲ್ಲಿ ಬಹುಮಾನದ ಚೀಟಿ ಇತ್ತು, ಪ್ಯಾಕಿನ ಬೆಲೆ ಎಂದಿನದೇ ಇತ್ತು, ಆದರೂ ಅದು ಲಾಟರಿ ಎನಿಸಿತು.

ಗ್ರೇಟ್ ಬ್ರಿಟನ್‌ನಲ್ಲಿ ಇವತ್ತು ನಿಯಮ ಬೇರೆ. 2005ರ ಜೂಜು ಕಾಯ್ದೆಯ ಪ್ರಕಾರ ಸರಕಿಗೆ ಕೊಟ್ಟ ಹಣ ಅವಕಾಶದ ಬೆಲೆಯನ್ನೂ ಒಳಗೊಂಡಿದ್ದರೆ ಮಾತ್ರ ಅದು ಪಾವತಿ. ಎಂದಿನ ಬೆಲೆಗೇ ಮಾರಿ ಜೊತೆಗೆ ಡ್ರಾ ನಡೆಸಿದರೆ ಲಾಟರಿಯಾಗುವುದಿಲ್ಲ. ಇದನ್ನು ನೋಡಿ ಬೇರೆ ದೇಶದಲ್ಲೂ ಹಾಗೇ ಎಂದುಕೊಂಡರೆ ಕೆಟ್ಟಿತು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಮಾರಾಟ ಹೆಚ್ಚಿಸಲು ನಡೆಸುವ ಸ್ಪರ್ಧೆ, ಲಾಟರಿ, ಅದೃಷ್ಟದ ಅಥವಾ ಕೌಶಲದ ಆಟಗಳೇ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿವೆ. ನಿಯಮಗಳಲ್ಲಿ ವಿನಾಯಿತಿ ಕೊಟ್ಟವು ಮಾತ್ರ ಹೊರತು. ಅಲ್ಲಿ ‘ಬೆಲೆ ಏರಿಸಿಲ್ಲ’ ಎಂಬುದು ಪೂರ್ಣ ಉತ್ತರವಲ್ಲ. ಬೆಲೆಯೊಳಗೆ ಸೇರಿಸಿಟ್ಟದ್ದನ್ನು ಉಚಿತವೆಂದು ತೋರಿಸುವುದೂ ಅದೇ ಪಟ್ಟಿಯಲ್ಲಿದೆ.

ಬೆಲೆ ಏರಿದೆಯೇ ಎಂದು ತಿಳಿಯಲು ಎರಡು ಬಿಲ್‌ಗಳನ್ನು ಪಕ್ಕಪಕ್ಕ ಇಡಿ. ಮುದ್ರಿತ ದರ ಒಂದೇ ಇದ್ದರೂ ಸಮಾಧಾನಪಡಬೇಡಿ. ತೂಕ ಅಥವಾ ಅಳತೆ ಇಳಿದಿದೆಯೇ ನೋಡಿ. ಮೊದಲು ಸಿಗುತ್ತಿದ್ದ ರಿಯಾಯಿತಿ ನಿಂತಿದೆಯೇ ನೋಡಿ. ದರ 100, ಎಂದಿನ ರಿಯಾಯಿತಿ 10, ಕೊಳ್ಳುವವರು ಕೊಡುತ್ತಿದ್ದದ್ದು 90. ಯೋಜನೆಯ ಅವಧಿಯಲ್ಲಿ ರಿಯಾಯಿತಿ ನಿಲ್ಲಿಸಿ 100 ಪಡೆದರೆ ಆ 10 ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಒಂದೇ ಉತ್ತರ, ಅದು ಅವಕಾಶದ ಬೆಲೆ.

ಇನ್ನೂ ಮೂರು ಕಡೆ ಹಣ ಅವಿತಿರುತ್ತದೆ. ಮಾಮೂಲಿಗಿಂತ ಹೆಚ್ಚು ದರದ ಎಸ್ಸೆಮ್ಮೆಸ್ ಅಥವಾ ಫೋನ್ ಕರೆಯ ಮೂಲಕ ಪ್ರವೇಶ. ಗೆದ್ದೆವೋ ಇಲ್ಲವೋ ತಿಳಿಯಲು ಹಣ. ಗೆದ್ದದ್ದನ್ನು ಪಡೆಯಲು ಹಣ. ಕೊನೆಯ ಎರಡನ್ನೂ ಬ್ರಿಟನ್ನಿನ 2005ರ ಕಾಯ್ದೆ ನೇರವಾಗಿ ಪಾವತಿ ಎಂದೇ ಪರಿಗಣಿಸುತ್ತದೆ, ಮಾಮೂಲು ಅಂಚೆ ಮತ್ತು ಮಾಮೂಲು ದರದ ಕರೆಯನ್ನು ಮಾತ್ರ ಬಿಡುತ್ತದೆ. ಪಾಲ್ಗೊಳ್ಳುವ ಪ್ರತಿ ಶ್ರಮವೂ ಪ್ರತಿಫಲವಲ್ಲ ಎಂಬುದನ್ನೂ ನೆನಪಿಡಿ. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪ್ರಸಾರ ಕಂಪನಿಗಳ ಬಹುಮಾನ ಕಾರ್ಯಕ್ರಮಗಳ ಪ್ರಕರಣದಲ್ಲಿ, ಮನೆಯಲ್ಲಿ ಕೂತು ಕಾರ್ಯಕ್ರಮ ಕೇಳುವುದು ಪ್ರತಿಫಲವಾಗದು ಎಂದು ಹೇಳಿತು. ಕಾರ್ಯಕ್ರಮದಿಂದ ಕಂಪನಿಗೆ ಲಾಭವಾಯಿತು ಎಂಬುದಷ್ಟೇ ಸಾಲದಾಯಿತು. ಆದರೆ 1907ರ ವಿಲ್ಲಿಸ್ ಮತ್ತು ಯಂಗ್ ಪ್ರಕರಣದಲ್ಲಿ ಇಂಗ್ಲೆಂಡ್ ಉಲ್ಟಾ ಹೇಳಿತ್ತು. ಪತ್ರಿಕೆಯೊಂದು ಸಂಖ್ಯೆಯಿರುವ ಪದಕಗಳನ್ನು ಪುಕ್ಕಟೆ ಹಂಚಿ, ಗೆದ್ದ ಸಂಖ್ಯೆಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕುತ್ತಿತ್ತು. ಪತ್ರಿಕೆ ಕೊಳ್ಳಲೇಬೇಕೆಂದಿರಲಿಲ್ಲ. ಆದರೂ ಪದಕ ಪಡೆದವರನ್ನು ಒಟ್ಟಾಗಿ ನೋಡಿದರೆ ಹಲವರು ಅದಕ್ಕಾಗಿಯೇ ಪತ್ರಿಕೆ ಕೊಂಡಿದ್ದಾರೆ ಎಂದು ಅದು ಲಾಟರಿಯಾಯಿತು. ಒಂದೇ ಬಗೆಯ ಪ್ರಶ್ನೆಗೆ ಎರಡು ಕಡೆ ಎರಡು ಉತ್ತರ. ಹಾಗಾಗಿ ಯಾವ ದೇಶದ, ಯಾವ ಕಾಲದ ತೀರ್ಪು ಎಂಬುದನ್ನು ನೋಡದೆ ಯಾವುದನ್ನೂ ಆಧಾರವಾಗಿ ಹಿಡಿಯಬಾರದು.

ಪ್ರತಿಫಲವನ್ನು ತೆಗೆಯಲು ಹೆಚ್ಚಿನವರು ಹಿಡಿಯುವ ದಾರಿ ಉಚಿತ ಪ್ರವೇಶ. ಅಮೆರಿಕದ ಯೋಜನೆಗಳಲ್ಲಿ ‘ಖರೀದಿ ಅಗತ್ಯವಿಲ್ಲ’ ಎಂಬ ಸಾಲು ಕಾಣುವುದು ಇದಕ್ಕೇ. ಆ ಸಾಲು ಬರೆದರೆ ಕೆಲಸ ಮುಗಿಯಿತು ಎಂದುಕೊಳ್ಳುವುದೇ ದೊಡ್ಡ ತಪ್ಪು. ಉಚಿತ ದಾರಿ ಹಣದ ದಾರಿಯಷ್ಟೇ ಸುಲಭವಾಗಿರಬೇಕು, ಅಷ್ಟೇ ಎದ್ದು ಕಾಣಬೇಕು. ಹಣ ಕೊಟ್ಟವರಿಗೆ ಹತ್ತು ಕೂಪನ್, ಉಚಿತದವರಿಗೆ ಒಂದು ಎಂದಾದರೆ ಸಮಾನತೆ ಅಲ್ಲೇ ಮುರಿಯಿತು. ಎರಡೂ ಬಗೆಯ ಕೂಪನ್‌ಗಳು ಒಂದೇ ಪೆಟ್ಟಿಗೆಗೆ ಬೀಳಬೇಕು. ಎತ್ತುವವರಿಗೆ ಯಾವುದು ಯಾವುದೆಂದು ಕೈಗಾಗಲಿ ಕಣ್ಣಿಗಾಗಲಿ ಗೊತ್ತಾಗಬಾರದು. ಕಾಗದದ ಬಣ್ಣ, ದಪ್ಪ, ಮಡಚುವ ರೀತಿ ಬೇರೆಯಾದರೂ ಗುರುತು ಸಿಗುತ್ತದೆ. ಕೊನೆಯ ದಿನಾಂಕವೂ ಇಬ್ಬರಿಗೂ ಒಂದೇ ಇರಬೇಕು.

ಅದೃಷ್ಟವೋ ಕೌಶಲವೋ

ಗೆದ್ದವರನ್ನು ಆರಿಸುವ ಕ್ಷಣವನ್ನು ಹಿಡಿದು ನೋಡಿ. ಪಾಲ್ಗೊಂಡವರು ತಮ್ಮ ಜ್ಞಾನ, ಅಭ್ಯಾಸ ಅಥವಾ ತೀರ್ಮಾನದಿಂದ ಫಲವನ್ನು ಬದಲಿಸಬಲ್ಲರೇ? ಚೀಟಿ ಎತ್ತುವುದು, ಚಕ್ರ ತಿರುಗಿಸುವುದು, ಕಂಪ್ಯೂಟರ್ ಸಂಖ್ಯೆ ಹೆಕ್ಕುವುದು ಸ್ಪಷ್ಟವಾಗಿ ಅದೃಷ್ಟ. ಪ್ರತಿ ನೂರನೇ ಬಿಲ್ಲಿಗೆ ಬಹುಮಾನ ಎಂಬುದೂ ಅದೃಷ್ಟವೇ, ಏಕೆಂದರೆ ತನ್ನ ಬಿಲ್ಲಿನ ಸಂಖ್ಯೆ ಎಷ್ಟಾಗುತ್ತದೆಂದು ಕೊಳ್ಳುವವರಿಗೆ ತಿಳಿಯುವ ದಾರಿಯಿಲ್ಲ.

ಎರಡೂ ಬೆರೆತಾಗ ಅಳತೆಗೋಲು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಯಾವುದು ಮೇಲುಗೈ ಎಂದು ನೋಡುತ್ತಾರೆ, ಕೆಲವು ರಾಜ್ಯಗಳು ಅದಕ್ಕಿಂತ ಬಿಗಿ. ಭಾರತದ ಸುಪ್ರೀಂ ಕೋರ್ಟ್ 1957ರ ಚಮರ್‌ಬಾಗ್‌ವಾಲಾ ಪ್ರಕರಣಗಳಲ್ಲಿ, ಗೆಲುವು ಗಣನೀಯ ಮಟ್ಟಿಗೆ ಕೌಶಲವನ್ನು ಅವಲಂಬಿಸಿದ್ದರೆ ಅದು ಜೂಜಲ್ಲ ಎಂಬ ಗೆರೆ ಎಳೆಯಿತು. ಇಂಗ್ಲೆಂಡಿನಲ್ಲಿ 1899ರ ಹಾಲ್ ಮತ್ತು ಕಾಕ್ಸ್ ಪ್ರಕರಣದಲ್ಲಿ, ಲಂಡನ್ನಿನಲ್ಲಿ ಒಂದು ವಾರದಲ್ಲಿ ಎಷ್ಟು ಜನನ, ಎಷ್ಟು ಮರಣ ಎಂದು ಮುಂಗಡವಾಗಿ ಹೇಳುವ ಪತ್ರಿಕಾ ಸ್ಪರ್ಧೆ ಲಾಟರಿಯಲ್ಲ ಎನಿಸಿತು. ಹಿಂದಿನ ಅಂಕಿ ಅಂಶ ನೋಡಿ ಲೆಕ್ಕ ಹಾಕುವವರಿಗೆ ಸ್ವಲ್ಪವಾದರೂ ಅನುಕೂಲವಿತ್ತಲ್ಲ.

ಡ್ರಾಗೆ ಮುಂಚೆ ಒಂದು ಸುಲಭ ಪ್ರಶ್ನೆ ಅಂಟಿಸಿ ‘ಇದು ಜ್ಞಾನದ ಸ್ಪರ್ಧೆ’ ಎನ್ನುವುದು ಹಳೆಯ ಉಪಾಯ. ಬ್ರಿಟನ್ನಿನ ಕಾಯ್ದೆಯ 14ನೇ ಕಲಂ ಇದಕ್ಕೆ ಬಾಗಿಲು ಹಾಕಿದೆ: ಗಣನೀಯ ಪ್ರಮಾಣದ ಜನರನ್ನು ಪಾಲ್ಗೊಳ್ಳದಂತೆ ಅಥವಾ ಬಹುಮಾನ ಪಡೆಯದಂತೆ ತಡೆಯಲಾರದ ಪ್ರಶ್ನೆ ಪ್ರಶ್ನೆಯೇ ಅಲ್ಲ, ಇಡೀ ಆಯ್ಕೆ ಅದೃಷ್ಟದ್ದೆಂದೇ ಲೆಕ್ಕ. ಕೆನಡಾದಲ್ಲಿ ಮಾತ್ರ, ಡ್ರಾದಲ್ಲಿ ಹೆಸರು ಬಂದವರು ಹಲವು ಹೆಜ್ಜೆಯ ಒಂದು ಲೆಕ್ಕ ಬಿಡಿಸಿದರೆ ಬಹುಮಾನ ಎಂಬ ಪದ್ಧತಿ ಬೇರೂರಿದೆ. 24ನ್ನು 6ರಿಂದ ಗುಣಿಸಿ, 48 ಕಳೆದು, 8ರಿಂದ ಭಾಗಿಸಿ, 15 ಕೂಡಿಸಿ ಎಂಬಂಥ ಲೆಕ್ಕ (ಉತ್ತರ 27).

ಹಂತಗಳ ಅನುಕ್ರಮವೂ ಫಲ ಬದಲಿಸುತ್ತದೆ. ಅನುಭವಿಗಳೂ ತಪ್ಪುವುದು ಇಲ್ಲಿ. ಬ್ರಿಟನ್ನಿನಲ್ಲಿ ಮೊದಲ ಹಂತ ಪೂರ್ತಿ ಅದೃಷ್ಟದ್ದಾಗಿದ್ದರೆ ಆಮೇಲೆ ಎಷ್ಟೇ ಕಠಿಣ ಪರೀಕ್ಷೆಯಿಟ್ಟರೂ ಅದು ‘ಸಂಕೀರ್ಣ ಲಾಟರಿ’. ಮೊದಲ ಹಂತದಲ್ಲೇ ನಿಜವಾದ ಕೌಶಲದ ಜರಡಿ ಇದ್ದು, ಗಟ್ಟಿಯಾಗಿ ಉಳಿದವರ ನಡುವೆ ಚೀಟಿ ಎತ್ತಿದರೆ ಲಾಟರಿಯಲ್ಲ. ಅಮೆರಿಕದ ಮೇಲುಗೈ ಪರೀಕ್ಷೆಗೆ ಇದೇ ಎರಡನೇ ಯೋಜನೆಯನ್ನು ಒಡ್ಡಿದರೆ, ಸರಿಯುತ್ತರದವರು ಸಾವಿರ ಮಂದಿ ಇದ್ದು ಗೆದ್ದವರು ಒಬ್ಬರೇ ಆದಾಗ, ಅದೃಷ್ಟವೇ ಮೇಲುಗೈ ಎನ್ನಿಸಿಕೊಳ್ಳುವ ಅಪಾಯ ದೊಡ್ಡದು.

ಪ್ರಬಂಧ, ಚಿತ್ರ, ಘೋಷವಾಕ್ಯದ ಸ್ಪರ್ಧೆಗಳಲ್ಲಿ ತೀರ್ಪುಗಾರರು ಯಾರು, ಯಾವ ಮಾನದಂಡಕ್ಕೆ ಎಷ್ಟು ಅಂಕ ಎಂಬುದು ಮೊದಲೇ ಬರಹದಲ್ಲಿ ಇರಬೇಕು. ಬಂದ ಹತ್ತು ಸಾವಿರ ವಾಕ್ಯಗಳನ್ನು ಓದದೆ ಕೈಗೆ ಸಿಕ್ಕಿದ ಒಂದನ್ನು ಎತ್ತಿದರೆ ಅದು ಕೌಶಲದ ಸ್ಪರ್ಧೆಯ ವೇಷದಲ್ಲಿರುವ ಡ್ರಾ.

ಒಂದು ನಿಯಮಾವಳಿಯನ್ನು ಸಾಲು ಸಾಲಾಗಿ ಓದೋಣ

ನಿಯಮ ಒಂದು: 2,000ಕ್ಕಿಂತ ಹೆಚ್ಚು ಮೊತ್ತದ ಖರೀದಿಗೆ ಒಂದು ಕೂಪನ್. ನಿಯಮ ಎರಡು: ಕೂಪನ್ ಹಿಂದಿರುವ ‘ವಾರಕ್ಕೆ ಎಷ್ಟು ದಿನ?’ ಎಂಬ ಪ್ರಶ್ನೆಗೆ ಉತ್ತರ ಬರೆದು ಪೆಟ್ಟಿಗೆಗೆ ಹಾಕಬೇಕು. ನಿಯಮ ಮೂರು: ಖರೀದಿಸದವರು ಬಿಳಿ ಹಾಳೆಯಲ್ಲಿ ಹೆಸರು ಬರೆದು, ಕೆಲಸದ ದಿನಗಳಲ್ಲಿ ಮಧ್ಯಾಹ್ನ 3ರಿಂದ 4ರೊಳಗೆ ಕೇಂದ್ರ ಕಚೇರಿಗೆ ಖುದ್ದಾಗಿ ತಲುಪಿಸಬಹುದು. ನಿಯಮ ನಾಲ್ಕು: ಡ್ರಾದಲ್ಲಿ ಬಂದ ಒಬ್ಬರಿಗೆ ಕಾರು. ನಿಯಮ ಐದು: ಕಾರು ಪಡೆಯುವಾಗ ದಾಖಲೆ ಶುಲ್ಕ 1,500.

ನಾಲ್ಕನೆಯದರಲ್ಲಿ ಬಹುಮಾನವೂ ಅದೃಷ್ಟವೂ ಒಟ್ಟಿಗೆ ಇವೆ. ಎರಡನೆಯದು ಕೌಶಲವನ್ನು ತರುವುದಿಲ್ಲ, ವಾರಕ್ಕೆ ಏಳು ದಿನ ಎಂಬುದನ್ನು ಯಾರೂ ತಪ್ಪು ಬರೆಯುವುದಿಲ್ಲ. ಯೋಜನೆ ಉಳಿಯಬೇಕಾದರೆ ಪ್ರತಿಫಲ ಇಲ್ಲವಾಗಬೇಕು, ಅಂದರೆ ಇಡೀ ಭಾರ ಮೂರನೇ ನಿಯಮದ ಮೇಲೆ. ಅದು ಆ ಭಾರ ತಾಳುವುದಿಲ್ಲ. ಖರೀದಿಸಿದವರು ನಿಂತಲ್ಲೇ ಕೂಪನ್ ಹಾಕಿದರೆ, ಖರೀದಿಸದವರು ದಿನದ ಒಂದು ಗಂಟೆಯೊಳಗೆ ಇನ್ನೊಂದು ಕಡೆ ಓಡಬೇಕು. ಬಿಳಿ ಹಾಳೆ ಪೆಟ್ಟಿಗೆಯಲ್ಲಿ ಬೇರೆಯಾಗಿಯೇ ಕಾಣುತ್ತದೆ. ಒಂದು ವೇಳೆ ಮೂರನೆಯದನ್ನು ಸರಿಪಡಿಸಿದರೂ ಐದನೆಯದು ಪ್ರತಿಫಲವನ್ನು ಹಿಂಬಾಗಿಲಿನಿಂದ ಮತ್ತೆ ಒಳಗೆ ತರುತ್ತದೆ. ಬಹುಮಾನ ಕೊಡುವ ಮುಂಚೆ ಹಣ ಕೇಳುವುದು ವಂಚಕರ ಹಳೆಯ ಹಾದಿ ಎಂಬುದರಿಂದಲೂ ಪ್ರಾಮಾಣಿಕ ಯೋಜನೆಯಲ್ಲಿ ಆ ಸಾಲು ಇರಲೇಬಾರದು.

ತಿದ್ದುವುದಾದರೆ ಹೀಗೆ. ಕೂಪನ್ ಕೇಳಿದ ಯಾರಿಗಾದರೂ, ಖರೀದಿಸಿದರೂ ಇಲ್ಲದಿದ್ದರೂ, ಅದೇ ಜಾಗದಲ್ಲಿ ಅದೇ ಅಚ್ಚಿನ ಕೂಪನ್ ಕೊಡಿ. ಒಬ್ಬರಿಗೆ ಇಷ್ಟೇ ಎಂಬ ಮಿತಿ ಇದ್ದರೆ ಅದು ಇಬ್ಬರಿಗೂ ಇರಲಿ. ಪೋಸ್ಟರಿನಲ್ಲಿ ಕಾರಿನ ಚಿತ್ರದ ಪಕ್ಕದಲ್ಲೇ ಉಚಿತ ಪ್ರವೇಶದ ಸಾಲು ಓದುವಷ್ಟು ದೊಡ್ಡದಾಗಿರಲಿ. ಏಳು ದಿನದ ಪ್ರಶ್ನೆಯನ್ನೂ ಐದನೇ ನಿಯಮವನ್ನೂ ಪೂರ್ತಿ ತೆಗೆಯಿರಿ. ಲಾಟರಿಯ ವ್ಯಾಖ್ಯೆಯಿಂದ ಹೊರಬರಲು ಇದು ಸಾಕಾಗಬಹುದು. ಭಾರತದಲ್ಲಿ ನಡೆಸುವುದಾದರೆ ಮೇಲೆ ಹೇಳಿದ ಗ್ರಾಹಕ ಕಾಯ್ದೆಯ ಪ್ರಶ್ನೆ ಆಗಲೂ ಉಳಿಯುತ್ತದೆ, ಅದನ್ನು ವಕೀಲರ ಮುಂದೆ ಬೇರೆಯಾಗಿ ಇಡಬೇಕು.

ಕಂತು ಕಟ್ಟಿಸಿಕೊಳ್ಳುವ ಯೋಜನೆಗಳು

500 ಸದಸ್ಯರು, ತಿಂಗಳಿಗೆ 1,000, ಒಟ್ಟು 20 ತಿಂಗಳು. ಪ್ರತಿ ತಿಂಗಳೂ ಒಂದು ಡ್ರಾ. ಹೆಸರು ಬಂದವರಿಗೆ 20,000 ಬೆಲೆಯ ವಸ್ತು, ಮುಂದಿನ ಕಂತು ಅವರು ಕಟ್ಟಬೇಕಿಲ್ಲ. ಮೊದಲ ತಿಂಗಳು ಗೆದ್ದವರು 1,000 ಕೊಟ್ಟು 20,000ದ್ದನ್ನು ಒಯ್ದರು. ಇಪ್ಪತ್ತು ಡ್ರಾ ಮುಗಿದಾಗ 480 ಮಂದಿ ತಲಾ 20,000 ಕಟ್ಟಿ ಕೂತಿರುತ್ತಾರೆ. ಅವರಿಗೆ ಕೊನೆಯಲ್ಲಿ ಏನೋ ಒಂದು ವಸ್ತು ಕೊಟ್ಟರೂ ಗೆದ್ದವರ ಲಾಭ ಬಂದದ್ದು ಚೀಟಿಯಿಂದಲೇ. ಪ್ರತಿಫಲವೆಂದರೆ ಕಂತು, ಬಹುಮಾನವೆಂದರೆ ಉಳಿದ ಕಂತಿನ ಮನ್ನಾ. ಭಾರತದಲ್ಲಿ ಇಂಥವುಗಳಿಗೆಂದೇ 1978ರ ಬಹುಮಾನ ಚೀಟಿ ಮತ್ತು ಹಣ ಪರಿಚಲನೆ ಯೋಜನೆಗಳ ನಿಷೇಧ ಕಾಯ್ದೆ ಇದೆ, ಸಜೆ ಮೂರು ವರ್ಷದವರೆಗೆ.

ಇದನ್ನು ಸಾಂಪ್ರದಾಯಿಕ ಚೀಟಿಯೊಂದಿಗೆ ಕಲಸಬೇಡಿ. ಅಲ್ಲಿ 20 ಮಂದಿ, 20 ತಿಂಗಳು, ತಲಾ 1,000. ತಿಂಗಳಿಗೆ ಒಬ್ಬರಂತೆ ಎಲ್ಲರೂ ಚೀಟಿ ಹಣ ಪಡೆಯುತ್ತಾರೆ, ಪಡೆದವರೂ ಕೊನೆಯವರೆಗೆ ಕಂತು ಕಟ್ಟುತ್ತಾರೆ. ಚೀಟಿ ಎತ್ತುವುದರಿಂದ ನಿರ್ಧಾರವಾಗುವುದು ಸರದಿ ಮಾತ್ರ. ಅದಕ್ಕೆ 1982ರ ಚಿಟ್ ಫಂಡ್ ಕಾಯ್ದೆಯ ನಿಯಮ, ನೋಂದಣಿಗಳು ಅನ್ವಯ. ಯಾವುದಾದರೂ ಕಂತಿನ ಯೋಜನೆ ಕಂಡರೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಹೆಸರು ಬಂದ ಮೇಲೂ ಕಂತು ಕಟ್ಟಬೇಕೋ, ಬೇಡವೋ?

ಸರ್ಕಾರಿ ಲಾಟರಿ, ಗಡಿ, ದಾಖಲೆ

ಭಾರತದಲ್ಲಿ ರಾಜ್ಯ ಸರ್ಕಾರ ನಡೆಸುವ ಲಾಟರಿಗೂ 1998ರ ಕಾಯ್ದೆಯ 4ನೇ ಕಲಂ ಕಟ್ಟುಪಾಡು ಹಾಕಿದೆ. ಟಿಕೆಟ್ ಮೇಲೆ ರಾಜ್ಯದ ಮುದ್ರೆ ಮತ್ತು ಲಾಂಛನ ಇರಬೇಕು. ಒಂದೇ ಅಂಕಿಯ ಮೇಲೆ ಅಥವಾ ಮೊದಲೇ ಘೋಷಿಸಿದ ಸಂಖ್ಯೆಗೆ ಬಹುಮಾನ ಕೂಡದು. ಡ್ರಾವನ್ನು ರಾಜ್ಯವೇ, ತನ್ನ ಗಡಿಯೊಳಗೇ ನಡೆಸಬೇಕು. ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇಲ್ಲ, ಬಂಪರ್ ಡ್ರಾ ವರ್ಷಕ್ಕೆ ಆರನ್ನು ಮೀರುವಂತಿಲ್ಲ. ಇವುಗಳಲ್ಲಿ ಒಂದು ತಪ್ಪಿದ್ದರೂ ಆ ಟಿಕೆಟ್ಟನ್ನು ಅನುಮಾನಿಸಿ. ಬೇರೆ ರಾಜ್ಯದ ಲಾಟರಿ ಟಿಕೆಟ್ ಮಾರಾಟವನ್ನು ತನ್ನಲ್ಲಿ ನಿಷೇಧಿಸುವ ಅಧಿಕಾರ ಪ್ರತಿ ರಾಜ್ಯಕ್ಕೂ 5ನೇ ಕಲಮಿನಿಂದ ಬಂದಿದೆ. ಹಾಗಾಗಿ ಅಸಲಿ ಟಿಕೆಟ್ಟೂ ಮಾರುವ ಜಾಗದಲ್ಲಿ ಕಾನೂನುಬಾಹಿರವಾಗಬಹುದು.

ಆನ್‌ಲೈನ್ ಯೋಜನೆಗೆ ಇದು ಇನ್ನೂ ಮುಖ್ಯ. ಲಾಟರಿಯೂ ಗಡಿಯೂ ಸೇರಿದಾಗ ಕಾನೂನು ಬಿಗಿಯಾಗುವುದು ಹೊಸತಲ್ಲ. ರಾಜ್ಯದಿಂದ ರಾಜ್ಯಕ್ಕೆ ಟಿಕೆಟ್ ಸಾಗಿಸುವುದನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ನಿಷೇಧಿಸಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1903ರಲ್ಲೇ ಚಾಂಪಿಯನ್ ಮತ್ತು ಏಮ್ಸ್ ಪ್ರಕರಣದಲ್ಲಿ ತೀರ್ಪಿತ್ತಿತ್ತು. ಲಾಟರಿಯಲ್ಲದ ಡ್ರಾಗೂ ಕಟ್ಟುಪಾಡುಗಳಿರುತ್ತವೆ. ಫ್ಲೋರಿಡಾ ಮತ್ತು ನ್ಯೂಯಾರ್ಕ್ ರಾಜ್ಯಗಳಲ್ಲಿ ಬಹುಮಾನಗಳ ಒಟ್ಟು ಮೌಲ್ಯ 5,000 ಡಾಲರ್ ದಾಟಿದರೆ ಮುಂಚಿತವಾಗಿ ನೋಂದಣಿ ಆಗಬೇಕು. ಜಗತ್ತಿನ ಎಲ್ಲರಿಗೂ ಪ್ರವೇಶ ಕೊಟ್ಟರೆ ಜಗತ್ತಿನ ಎಲ್ಲ ಕಾನೂನುಗಳಿಗೂ ಉತ್ತರ ಹೇಳಬೇಕಾದೀತು. ಯಾವ ಪ್ರದೇಶದ ನಿವಾಸಿಗಳಿಗೆ ಮಾತ್ರ ಎಂಬುದನ್ನು ನಿಯಮಾವಳಿಯ ಮೊದಲ ಸಾಲುಗಳಲ್ಲೇ ಬರೆಯಿರಿ, ಅರ್ಜಿಯಲ್ಲಿ ವಿಳಾಸ ಕೇಳಿ, ಹೊರಗಿನವರ ಅರ್ಜಿಯನ್ನು ಡ್ರಾಗೆ ಮೊದಲೇ ತೆಗೆದಿಡಿ.

ಬಂದ ಅರ್ಜಿಗಳ ಪಟ್ಟಿ, ಉಚಿತ ಪ್ರವೇಶದವರ ಸಂಖ್ಯೆ, ಡ್ರಾ ನಡೆದ ಹೊತ್ತು, ಎತ್ತಿದವರು ಮತ್ತು ಸಾಕ್ಷಿಗಳ ಸಹಿ, ಬಹುಮಾನ ತಲುಪಿದ ರಸೀದಿ, ಇವು ಒಂದೇ ಕಡತದಲ್ಲಿ ಇರಲಿ. ಉಚಿತ ದಾರಿಯಲ್ಲಿ ಒಬ್ಬರೂ ಬಂದಿಲ್ಲ ಎಂದು ಆ ಪಟ್ಟಿ ತೋರಿಸಿದರೆ, ಆ ದಾರಿ ಜನರಿಗೆ ಕಂಡೇ ಇರಲಿಲ್ಲ ಎಂದು ವಾದಿಸಲು ಎದುರಿನ ವಕೀಲರಿಗೆ ಬೇರೆ ಸಾಕ್ಷ್ಯ ಬೇಕಿಲ್ಲ. ಮೊದಲ ವಾರದಲ್ಲೇ ಆ ಸಂಖ್ಯೆಯನ್ನು ಎಣಿಸಿ ನೋಡಿ. ಸೊನ್ನೆ ಇದ್ದರೆ ಪೋಸ್ಟರ್ ಬದಲಿಸಿ. ನಿಯಮಾವಳಿಯ ತಿದ್ದುಪಡಿಗಳನ್ನಂತೂ ಮೊದಲ ಕೂಪನ್ ಹಂಚುವ ಮುಂಚೆಯೇ ಮುಗಿಸಿಬಿಡಿ. ಜನ ಕೂಪನ್ ಹಾಕಿದ ಮೇಲೆ ನಿಯಮ ಬದಲಿಸಿದರೆ, ಲಾಟರಿಯ ಆರೋಪದ ಜೊತೆಗೆ ಮೋಸದ ಆರೋಪವೂ ಸೇರಿಕೊಳ್ಳುತ್ತದೆ.